ಮಸಾರಿಗೆ ಮರಳುವ ಕಬ್ಬಿಣ

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು ಹೊರಟರೆ ಎಡಬಲಕ್ಕೆ ಮೊದಲು ಕಾಣುವುದು ಎರಿ ಹೊಲ. ತೊಗರಿಯ ನೆಲ ಅದು. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಕಾಲಿನ ಚಪ್ಪಲಿಯನ್ನೇ ಕಸಿದುಕೊಳ್ಳುತ್ತದೆ. ಮಹಾಗಾಂವ್ ಕ್ರಾಸ್ ದಾಟಿ, ಸುಮಾರು 35 ಕಿಲೋಮೀಟರ್ ಹೋಗಿ ಕಮಲಾಪುರ ಮುಟ್ಟುವಷ್ಟರಲ್ಲಿ ನೆಲದ ಬಣ್ಣ ಬದಲಾಗಿರುತ್ತದೆ. ಕಪ್ಪಿನ ನಡುವೆ ಮಸಾರಿ ಮಣ್ಣು ಕೆಂಪಗೆ ಕಾಣಿಸುತ್ತದೆ. ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಕಮಲಾಪುರದ ಕೆಂಪು ಬಾಳೆ ಬೆಳೆಯುವುದು ಇಲ್ಲೇ. ಮಣ್ಣು ಕೆಂಪು, ಅದಕ್ಕೇ ಹಣ್ಣೂ ಕೆಂಪು ಎಂದು ಎಷ್ಟೋ ಜನ ನಂಬುತ್ತಾರೆ. ಅದು ಹಾಗಲ್ಲ. ಸಿಪ್ಪೆಯ ಕೆಂಪು ಬಾಳೆಗಿಡ ತಾನೇ ತಯಾರಿಸಿಕೊಂಡ ಬಣ್ಣ. ಮಣ್ಣಿನ ಕೆಂಪು ಮಾತ್ರ ಬೇರೆಯದು. ಅದು ತುಕ್ಕು.

ಉಪಮೆಗಾಗಿ ಹೇಳಿದ ಮಾತಲ್ಲ ಇದು. ದಖ್ಖನ್ನಿನ ಈ ನೆಲದಡಿ ಇರುವುದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಹರಿದು ಗಟ್ಟಿಯಾದ ಕಪ್ಪು ಶಿಲೆ, ಬಸಾಲ್ಟ್. ಅದರಲ್ಲಿ ಕಬ್ಬಿಣ ಹೇರಳ. ನೀರು ಬಸಿದು ಹೋಗುವ ಎತ್ತರದಲ್ಲಿ, ಗಾಳಿಯಾಡುವ ಕಡೆ, ಶಿಲೆ ಕರಗಿ ಸವೆದಂತೆ ಅದರ ಕಬ್ಬಿಣ ಆಮ್ಲಜನಕದ ಜೊತೆ ಸೇರಿ ಕೆಂಪಾಗುತ್ತದೆ. ಬೀದರ್ ಕೋಟೆ ಕಟ್ಟಿದ ಜಂಬಿಟ್ಟಿಗೆಯೂ ಇದೇ ಕತೆಯದು. ನೀರು ನಿಲ್ಲುವ ತಗ್ಗಿನಲ್ಲಿ ಅದೇ ಬಸಾಲ್ಟಿನಿಂದ ಎರಿ ಮಣ್ಣು ಹುಟ್ಟುತ್ತದೆ. ಹಳೆಯ ಕಾರಿನ ಬಾಗಿಲ ಕೆಳಗೆ ಬೆರಳಾಡಿಸಿದಾಗ ಉದುರುವ ಪುಡಿಯಲ್ಲಿ ಗೋಥೈಟ್ ಎಂಬ ಖನಿಜ ಇರುತ್ತದೆ. ಮಸಾರಿ ಮಣ್ಣಿನಲ್ಲೂ ಅದೇ ಇದೆ. ಗಣಿಯಿಂದ ತೆಗೆದ ಕೆಂಪು ಅದಿರನ್ನು ಕುಲುಮೆಯಲ್ಲಿ ಕಾಯಿಸಿ, ಆಮ್ಲಜನಕವನ್ನು ಕಿತ್ತು, ನಾವು ಉಕ್ಕು ಮಾಡುತ್ತೇವೆ. ಉಕ್ಕು ಅವಕಾಶ ಸಿಕ್ಕ ದಿನ ಮತ್ತೆ ಮಣ್ಣಾಗುತ್ತದೆ.

ಹಿಂದಿರುಗುವಾಗ ಅದು ಕುಲುಮೆಯಲ್ಲಿ ಪಡೆದ ಶಕ್ತಿಯನ್ನೂ ಬಿಟ್ಟುಕೊಡುತ್ತದೆ. ಒಂದು ಕಿಲೋ ಕಬ್ಬಿಣ ಪೂರ್ತಿ ಆಕ್ಸೈಡ್ ಆದರೆ ಹೊರಬೀಳುವ ಶಾಖ ಸುಮಾರು 7.4 ಮೆಗಾಜೂಲ್. ಇಪ್ಪತ್ತು ಲೀಟರಿಗೂ ಹೆಚ್ಚು ನೀರನ್ನು ಕುದಿಯುವ ಹಂತಕ್ಕೆ ತರಲು ಅಷ್ಟು ಸಾಕು. ವರ್ಷಗಟ್ಟಲೆ ಸಾವಕಾಶವಾಗಿ ಬಿಡುವುದರಿಂದ ಅದರ ಬಿಸಿ ನಮಗೆ ತಟ್ಟುವುದಿಲ್ಲ, ಅಷ್ಟೇ. ತುಕ್ಕನ್ನು ನಾವು ರೋಗ ಎಂದುಕೊಳ್ಳುತ್ತೇವೆ. ಕಬ್ಬಿಣದ ಕಡೆಯಿಂದ ನೋಡಿದರೆ ಅದು ತವರಿಗೆ ಹೊರಟ ದಾರಿ. ಹಳೆಯ ಕಾರನ್ನು ಉಳಿಸಿಕೊಳ್ಳುವವರು ಮೊದಲು ಅರಿಯಬೇಕಾದದ್ದು ಈ ದಾರಿಯನ್ನು.

ಪೈಲ್ವಾನನ ಮೈ

ಅಮೆರಿಕದಲ್ಲಿ 1964ರ ಹೊತ್ತಿಗೆ ಪಾಂಟಿಯಾಕ್ ಜಿಟಿಒ, ಫೋರ್ಡ್ ಮಸ್ಟಾಂಗ್‌ಗಳು ಬಂದವು. ಸಾಧಾರಣ ಗಾತ್ರದ ಕಾರಿಗೆ ದೊಡ್ಡ ಎಂಜಿನ್ ಕೂರಿಸಿದ ಇಂಥವುಗಳಿಗೆ ಮಸಲ್ ಕಾರ್ ಎಂಬ ಹೆಸರು ಅಂಟಿತು. ಅಲ್ಲಿನ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪುನೀರು ತಳಕ್ಕೆ ಸಿಡಿದು ಅವುಗಳಲ್ಲಿ ಬಹಳಷ್ಟನ್ನು ತಿಂದುಹಾಕಿತು. ಉಳಿದವನ್ನು ಮನೆಯ ಶೆಡ್ಡಿನಲ್ಲೇ ರಿಪೇರಿ ಮಾಡಿಕೊಳ್ಳುವುದು ಅಲ್ಲಿ ದೊಡ್ಡ ಹವ್ಯಾಸ.

ನಮ್ಮ ದೇಶದಲ್ಲಿ ಆ ಹೆಸರಿಗೆ ಹತ್ತಿರ ಬಂದದ್ದು ಹಿಂದೂಸ್ತಾನ್ ಮೋಟರ್ಸ್ 1984ರಲ್ಲಿ ತಂದ ಕಾಂಟೆಸಾ. ಬ್ರಿಟನ್ನಿನ ವಾಕ್ಸ್‌ಹಾಲ್ ಕಾರಿನ ಉದ್ದ ಮೂತಿ, ಅಗಲ ಮೈ ಅದರದು. ಆದರೆ ಮೊದಲ ಕಾಂಟೆಸಾಗಳ ಒಳಗಿದ್ದದ್ದು ಅಂಬಾಸಿಡರಿನ 1.5 ಲೀಟರ್ ಎಂಜಿನ್. ಮೈ ಪೈಲ್ವಾನನದು, ಉಸಿರು ಸಣ್ಣ ಹುಡುಗನದು. ಆಮೇಲೆ ಇಸುಜು ಎಂಜಿನ್ ಬಂದು ಆ ಮಾತು ತೊಳೆದುಹೋಯಿತು. ಕಲಬುರಗಿಯಂಥ ಊರಿನ ಹಳೆಯ ಬಡಾವಣೆಗಳಲ್ಲಿ, ಬೇವಿನ ಮರದ ಕೆಳಗೆ, ಚಕ್ರದ ಗಾಳಿ ಇಳಿದು ನಿಂತಿರುವ ಕಾರು ಕಾಂಟೆಸಾ ಆಗಿರಬಹುದು, ಪದ್ಮಿನಿ ಆಗಿರಬಹುದು, ಹೆಚ್ಚಾಗಿ ಅಂಬಾಸಿಡರ್. ಕೊಲ್ಕತ್ತಾ ಬಳಿಯ ಉತ್ತರಪಾರಾದಲ್ಲಿ ಅದರ ಉತ್ಪಾದನೆ 2014ರ ಮೇ ತಿಂಗಳಲ್ಲಿ ನಿಂತಿತು. ಹೊಸ ಬಾಡಿ ಇನ್ನು ಬರುವುದಿಲ್ಲ. ಇರುವುದನ್ನೇ ಉಳಿಸಿಕೊಳ್ಳಬೇಕು.

ಈ ಮೂರೂ ಕಾರುಗಳಲ್ಲಿ ಒಂದು ಸಾಮಾನ್ಯ ಸಂಗತಿ ಇದೆ. ಲಾರಿಗೆ, ಹಳೆಯ ಜೀಪಿಗೆ ಕೆಳಗೆ ಚಾಸಿ ಎಂಬ ಗಟ್ಟಿ ಚೌಕಟ್ಟು ಇರುತ್ತದೆ. ಮೈ ಅದರ ಮೇಲೆ ಕೂತಿರುತ್ತದೆ. ಮೇಲಿನ ಪತ್ರಾ ಹೋದರೂ ಬಂಡಿ ನಡೆಯುತ್ತದೆ. ಈ ಕಾರುಗಳಲ್ಲಿ ಹಾಗಿಲ್ಲ. ತೆಳು ಪತ್ರಾಗಳನ್ನು ಮಡಚಿ ಪೆಟ್ಟಿಗೆ ಮಾಡಿ, ಆ ಪೆಟ್ಟಿಗೆಗಳನ್ನು ಜೋಡಿಸಿ ಇಡೀ ಮೈಯೇ ಭಾರ ಹೊರುವಂತೆ ಮಾಡಿರುತ್ತಾರೆ. ಒಂದು ಬೆಂಕಿಪೊಟ್ಟಣ ತೆಗೆದುಕೊಳ್ಳಿ. ಹೊರಗಿನ ಕವಚದ ಸಮೇತ ತಿರುಚಿದರೆ ಬಗ್ಗುವುದಿಲ್ಲ, ಒಳಗಿನ ತಟ್ಟೆಯೊಂದನ್ನೇ ತಿರುಚಿದರೆ ಬಾಗುತ್ತದೆ. ಕಾರಿನ ಬಾಗಿಲ ಕೆಳಗೆ ಉದ್ದಕ್ಕೆ ಓಡುವ ಪಟ್ಟಿ ಅಂಥ ಒಂದು ಪೆಟ್ಟಿಗೆ. ಅದು ಜಂಗು ತಿಂದರೆ ಕಾರು ನಡುವಿನಲ್ಲಿ ಬೆನ್ನು ಮುರಿದ ಎತ್ತಿನಂತೆ ಜಗ್ಗುತ್ತದೆ. ಪರೀಕ್ಷೆ ಸುಲಭ: ಒಂದು ಬದಿಗೆ ಜಾಕ್ ಕೊಟ್ಟು ಎತ್ತಿ, ಬಾಗಿಲು ಮೊದಲಿನಂತೆ ಹಾಕಿಕೊಳ್ಳುತ್ತದೆಯೇ ನೋಡಿ. ಸಿಕ್ಕಿಕೊಂಡರೆ ತುಕ್ಕು ಚರ್ಮ ದಾಟಿ ಎಲುಬಿಗೆ ಇಳಿದಿದೆ ಎಂದು ಅರ್ಥ.

ಒಂದು ಲೆಕ್ಕ, ಒಂದು ಒಗಟು

ಕಲಬುರಗಿ ಸಮುದ್ರದಿಂದ ದೂರ. ರಸ್ತೆಗೆ ಉಪ್ಪು ಹಾಕುವವರಿಲ್ಲ. ಮಂಗಳೂರಿನಲ್ಲಿ ಬೀಳುವ ಮಳೆಯ ನಾಲ್ಕನೇ ಒಂದು ಪಾಲೂ ಇಲ್ಲಿ ಬೀಳುವುದಿಲ್ಲ. ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ. ಗಾಳಿಯ ಸಾಪೇಕ್ಷ ತೇವಾಂಶ ಸುಮಾರು ಶೇಕಡಾ 60ಕ್ಕಿಂತ ಕಡಿಮೆ ಇದ್ದರೆ, ಚೊಕ್ಕ ಕಬ್ಬಿಣ ತುಕ್ಕು ಹಿಡಿಯುವುದೇ ಇಲ್ಲ ಎನ್ನುವಷ್ಟು ನಿಧಾನ. ನಮ್ಮಲ್ಲಿ ವರ್ಷದ ಎಷ್ಟೋ ತಿಂಗಳ ಹಗಲು ಅದಕ್ಕಿಂತ ಒಣಗಿರುತ್ತದೆ.

ಇಂಥ ಒಣ ಒಳನಾಡಿನಲ್ಲಿ, ಬಣ್ಣವೇ ಇಲ್ಲದೆ ಬಯಲಿಗೆ ಬಿಟ್ಟ ಉಕ್ಕು ವರ್ಷಕ್ಕೆ ಅಂದಾಜು ಮಿಲಿಮೀಟರಿನ ನೂರನೇ ಒಂದು ಪಾಲಿನ ಆಸುಪಾಸು ಸವೆಯುತ್ತದೆ ಎಂದು ಹಿಡಿಯಿರಿ. ಕಲಬುರಗಿ, ಬೀದರ್ ಕೋಟೆಗಳ ಮೇಲೆ ಕಬ್ಬಿಣದ ತೋಪುಗಳು ಶತಮಾನಗಳಿಂದ ಬಿಸಿಲು ಮಳೆಗೆ ಬಿದ್ದುಕೊಂಡಿವೆ. ಈ ಲೆಕ್ಕದಲ್ಲಿ ಐನೂರು ವರ್ಷಕ್ಕೆ ಹೋಗುವುದು 5 ಮಿಲಿಮೀಟರ್. ಗೇಣು ದಪ್ಪದ ತೋಪಿಗೆ ಅದು ಉಗುರು ಕತ್ತರಿಸಿದಷ್ಟು. ಕಾರಿನ ಪತ್ರಾ ಸುಮಾರು 0.9 ಮಿಲಿಮೀಟರ್ ದಪ್ಪ. ಅಂದರೆ ಬಣ್ಣ ಪೂರ್ತಿ ಹೋಗಿದ್ದರೂ ತೊಂಬತ್ತು ವರ್ಷ ಬಾಳಬೇಕು.

ಬಾಳುವುದಿಲ್ಲ. ಇಪ್ಪತ್ತು ಮೂವತ್ತು ವರ್ಷಕ್ಕೇ ಕಾಲಡಿಯ ಹಾಸು ಎತ್ತಿದರೆ ನೆಲ ಕಾಣುತ್ತದೆ. ವಿಚಿತ್ರವೆಂದರೆ, ಬಿಸಿಲು ಮಳೆ ಎರಡನ್ನೂ ನೇರವಾಗಿ ತಿಂದ ಮೇಲ್ಛಾವಣಿ ಗಟ್ಟಿಯಾಗಿಯೇ ಇರುತ್ತದೆ. ನೆರಳಿನಲ್ಲಿ ಅವಿತುಕೊಂಡ ಜಾಗಗಳು ಸಡಿಲವಾಗಿರುತ್ತವೆ. ಹೆಚ್ಚು ಮಳೆ ತಿಂದದ್ದು ಉಳಿದು, ಕಡಿಮೆ ತಿಂದದ್ದು ಹೋದದ್ದು ಹೇಗೆ?

ಹನಿಯೊಳಗಿನ ಬ್ಯಾಟರಿ

ಉತ್ತರ ಒಂದು ಹನಿ ನೀರಿನಲ್ಲಿದೆ. ತುಕ್ಕಿಗೆ ನೀರೂ ಬೇಕು, ಗಾಳಿಯೂ ಬೇಕು ಎಂದು ಹತ್ತನೇ ತರಗತಿಯ ಮಕ್ಕಳು ಮೂರು ಪ್ರನಾಳಗಳಲ್ಲಿ ಮೊಳೆ ಹಾಕಿ ಕಲಿಯುತ್ತಾರೆ. ಅದರ ಮುಂದಿನ ಪಾಠ ಕೇಂಬ್ರಿಜ್‌ನ ಯುಲಿಕ್ ಇವಾನ್ಸ್ (1889–1980) ಅವರದು. ಅವರು ಚೊಕ್ಕ ಉಕ್ಕಿನ ಫಲಕದ ಮೇಲೆ ಒಂದು ಹನಿ ಉಪ್ಪುನೀರು ಇಟ್ಟರು. ಕಬ್ಬಿಣ ಕರಗಿದ ಕಡೆ ನೀಲಿ, ಕ್ಷಾರ ಹುಟ್ಟಿದ ಕಡೆ ಗುಲಾಬಿ ತೋರಿಸುವ ದ್ರವಗಳನ್ನು ಅದರಲ್ಲಿ ಬೆರೆಸಿದ್ದರು. ಅರಿಶಿಣಕ್ಕೆ ಸುಣ್ಣ ಸೋಕಿದರೆ ಕೆಂಪಾಗುವಂಥದೇ ತಂತ್ರ. ಸ್ವಲ್ಪ ಹೊತ್ತಿನಲ್ಲಿ ಹನಿಯ ನಡುವೆ ನೀಲಿ, ಅಂಚಿನಲ್ಲಿ ಗುಲಾಬಿ ಮೂಡಿತು. ತುಕ್ಕು ಕಾಣಿಸಿಕೊಂಡದ್ದು ಇವೆರಡರ ನಡುವೆ, ಉಂಗುರದಂತೆ.

ನಡೆದದ್ದು ಇಷ್ಟು. ಹನಿಯ ಅಂಚು ತೆಳು, ಅಲ್ಲಿಗೆ ಗಾಳಿಯ ಆಮ್ಲಜನಕ ಸಲೀಸಾಗಿ ಇಳಿಯುತ್ತದೆ. ನಡುಭಾಗ ಆಳ, ಅಲ್ಲಿ ಆಮ್ಲಜನಕಕ್ಕೆ ಬರ. ಅಂಚಿನ ಆಮ್ಲಜನಕಕ್ಕೆ ಎಲೆಕ್ಟ್ರಾನು ಬೇಕು. ಅದನ್ನು ಒದಗಿಸುವುದು ನಡುವಿನ ಕಬ್ಬಿಣ. ಎಲೆಕ್ಟ್ರಾನು ಕಳೆದುಕೊಂಡ ಕಬ್ಬಿಣದ ಪರಮಾಣು ಲೋಹ ಬಿಟ್ಟು ನೀರಿಗಿಳಿಯುತ್ತದೆ. ಎಲೆಕ್ಟ್ರಾನು ಲೋಹದೊಳಗಿಂದ, ಅಯಾನು ನೀರಿನೊಳಗಿಂದ ಹರಿದು ಒಂದು ಪುಟ್ಟ ಬ್ಯಾಟರಿ ಸಿದ್ಧ. ಕರಗಿದ ಕಬ್ಬಿಣ ಅಂಚಿನ ಕಡೆ ಸರಿದು ಆಮ್ಲಜನಕ ಸಿಕ್ಕಲ್ಲಿ ತುಕ್ಕಾಗಿ ಕೂರುತ್ತದೆ.

ಇದರ ತಾತ್ಪರ್ಯ ಮೊದಲ ಸಲ ಕೇಳಿದಾಗ ತಲೆಕೆಳಗಾಗಿ ಕಾಣುತ್ತದೆ: ಆಮ್ಲಜನಕ ಎಲ್ಲಿ ಕಡಿಮೆಯೋ ಅಲ್ಲೇ ಕಬ್ಬಿಣ ಸಾಯುತ್ತದೆ. ತುಕ್ಕು ಕಾಣುವ ಜಾಗ ಬೇರೆ, ಲೋಹ ಹೋಗುವ ಜಾಗ ಬೇರೆ. ಬಾಗಿಲಿನ ಅಂಚಿನಲ್ಲಿ ನೀವು ನೋಡಿದ ಕಂದು ಗೆರೆ ಹೊಗೆ ಮಾತ್ರ; ಬೆಂಕಿ ಮಡಿಕೆಯ ಒಳಗಿದೆ.

ಎರಿ ಮಣ್ಣಿನ ಪೋಟೀಸು

ಈಗ ಒಗಟು ಬಿಡಿಸಬಹುದು. ಮಳೆ ನಿಂತ ಹತ್ತು ನಿಮಿಷಕ್ಕೆ ಛಾವಣಿ ಒಣಗುತ್ತದೆ. ಮಡ್‌ಗಾರ್ಡಿನ ಒಳಗೆ ಮೆತ್ತಿಕೊಂಡ ಎರಿ ಮಣ್ಣು ಒಣಗುವುದಿಲ್ಲ. ಎರಿಯ ಜೀವಾಳ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ. ಅದರ ಕಣಗಳು ಪುಸ್ತಕದ ಹಾಳೆಗಳಂತೆ ಪದರ ಪದರ. ಹಾಳೆಗಳ ನಡುವೆ ನೀರು ಹೊಕ್ಕು ಮಣ್ಣು ಉಬ್ಬುತ್ತದೆ. ಮಳೆಗಾಲದ ನೀರನ್ನು ಹಿಡಿದಿಟ್ಟುಕೊಂಡು ಹಿಂಗಾರಿ ಜೋಳ ಬೆಳೆಸಿಕೊಡುವ ಗುಣ ಇದೇ. ಹೊಲಕ್ಕೆ ವರ, ಕಾರಿಗೆ ಶಾಪ. ಕುರುವಿಗೆ ಕಟ್ಟಿದ ಪೋಟೀಸು ಬಹಳ ಹೊತ್ತು ಬಿಸಿ ಹಿಡಿದಿಡುವಂತೆ, ಪತ್ರಾಕ್ಕೆ ಮೆತ್ತಿದ ಎರಿ ಬಹಳ ದಿನ ತೇವ ಹಿಡಿದಿಡುತ್ತದೆ. ಮಣ್ಣಿನ ಹೆಂಟೆಯ ಅಂಚಿಗೆ ಗಾಳಿ ಉಂಟು, ನಡುವಿಗೆ ಇಲ್ಲ. ಇವಾನ್ಸ್ ಅವರ ಹನಿ ಇಲ್ಲಿ ಅಂಗೈ ಅಗಲ ಬೆಳೆದು ತಿಂಗಳುಗಟ್ಟಲೆ ಕೂತಿದೆ.

ಬಾಗಿಲಿನೊಳಗೂ ಇದೇ ಆಟ. ಗಾಜಿನ ಪಕ್ಕದಿಂದ ಮಳೆನೀರು ಬಾಗಿಲೊಳಗೆ ಇಳಿಯುವುದು ಸಹಜ, ಕಾರು ಮಾಡಿದವರಿಗೂ ಅದು ಗೊತ್ತು. ಅದಕ್ಕೇ ಬಾಗಿಲ ತಳದಲ್ಲಿ ಸಣ್ಣ ರಂಧ್ರಗಳನ್ನು ಬಿಟ್ಟಿರುತ್ತಾರೆ. ಧೂಳು, ಬೇವಿನ ಎಲೆ, ಕೆಸರು ಸೇರಿ ರಂಧ್ರ ಮುಚ್ಚಿದರೆ ಬಾಗಿಲು ಕೊಳವಾಗುತ್ತದೆ. ಮೇಲಿನಿಂದ ಬಿಸಿಲು ರಬ್ಬರ್ ಬೀಡಿಂಗನ್ನು ಸೀಳಿ ಆ ಕೊಳಕ್ಕೆ ಹೊಸ ಕಾಲುವೆ ತೋಡುತ್ತದೆ. ಕಾರು ಹಾಳಾಗದಿರಲೆಂದು ಮೇಲೆ ತಾಡಪತ್ರಿ ಬಿಗಿದು ಕಟ್ಟಿದರೆ ಇನ್ನೂ ಕೇಡು. ಹಗಲು ನೆಲದಿಂದ ಎದ್ದ ಆವಿ ರಾತ್ರಿ ತಣ್ಣಗಾಗಿ ತಾಡಪತ್ರಿಯೊಳಗೇ ಹನಿಯುತ್ತದೆ. ಬರಿ ಮಣ್ಣಿನ ಬದಲು ಶಹಾಬಾದ್ ಫರ್ಸಿಯ ಮೇಲೆ, ತೆರೆದ ಶೆಡ್ಡಿನಲ್ಲಿ ನಿಂತ ಕಾರು ಇದಕ್ಕಿಂತ ಸುಖಿ.

ತುಕ್ಕು ಅದು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಕಡಿಮೆಯೆಂದರೂ ಎರಡು ಪಟ್ಟು, ನೀರು ಹೀರಿದ್ದರೆ ಇನ್ನೂ ಜಾಸ್ತಿ. ಹೀಗಾಗಿ ಅದು ಮೇಲಿನ ಬಣ್ಣವನ್ನು ಒಳಗಿನಿಂದ ಎತ್ತುತ್ತದೆ, ಸೀಳಿನಲ್ಲಿ ಮತ್ತೆ ನೀರು ಹೋಗುತ್ತದೆ. ಅಲ್ಯೂಮಿನಿಯಂ ಕೂಡ ಆಕ್ಸೈಡ್ ಆಗುತ್ತದೆ. ಆದರೆ ಆ ಪದರ ಲೋಹಕ್ಕೆ ಬಿಗಿಯಾಗಿ ಅಂಟಿ ಬಾಗಿಲು ಹಾಕಿಕೊಳ್ಳುತ್ತದೆ. ಕಬ್ಬಿಣದ ತುಕ್ಕು ಹೊಟ್ಟಿನಂತೆ ಉದುರಿ ಬಾಗಿಲು ತೆರೆದಿಡುತ್ತದೆ.

ಎಲ್ಲ ಕಬ್ಬಿಣವೂ ಹೀಗಲ್ಲ. ದೆಹಲಿಯ ಕಬ್ಬಿಣದ ಕಂಬ ಸುಮಾರು 1,600 ವರ್ಷ ನಿಂತಿದೆ. ಐಐಟಿ ಕಾನ್ಪುರದ ಆರ್. ಬಾಲಸುಬ್ರಮಣಿಯಮ್ ಅದರ ರಕ್ಷಾಪದರಕ್ಕೆ ಕಬ್ಬಿಣದಲ್ಲಿ ಉಳಿದ ರಂಜಕವೇ ಕಾರಣ ಎಂದು ವಿವರಿಸಿದರು. ನಮ್ಮ ಕೊಡಚಾದ್ರಿಯ ಮೂಕಾಂಬಿಕೆ ಗುಡಿಯ ಮುಂದಿನ ಕಬ್ಬಿಣದ ಕಂಬವಂತೂ ಮಲೆನಾಡಿನ ಮಳೆಯಲ್ಲೇ ನಿಂತಿದೆ. ಆದರೆ ರಂಜಕ ಹೆಚ್ಚಾದ ಉಕ್ಕು ಪೆಡಸು. ಅಚ್ಚಿನಲ್ಲಿ ಒತ್ತಿ ಮಡ್‌ಗಾರ್ಡಿನ ಉಬ್ಬು ತೆಗೆಯಲು ಮೆತ್ತನೆಯ ಪತ್ರಾ ಬೇಕು. ಬಾಗುವ ಗುಣಕ್ಕಾಗಿ ಬಾಳುವ ಗುಣವನ್ನು ಬಿಟ್ಟುಕೊಟ್ಟದ್ದಾಯಿತು.

ಅಂಗಳದ ಕೆಲಸ

ಹಳೆಯ ಕಾರು ನೋಡಿದ ಮಿಸ್ತ್ರಿ ಮೊದಲು ಹೇಳುವ ಮಾತು ಎಲ್ಲರಿಗೂ ಗೊತ್ತು: “ಪತ್ರಾ ಪೂರಾ ಜಂಗ್ ತಿಂದದ್ರೀ ಸರ. ಪುಟ್ಟಿ ಹೊಡ್ದು ಪೇಂಟ್ ಮಾಡಿದ್ರ ಗೊತ್ತಾಗಂಗಿಲ್ಲ.” ಗೊತ್ತಾಗುವುದಿಲ್ಲ, ನಿಜ. ಒಂದು ಮಳೆಗಾಲದ ಮಟ್ಟಿಗೆ.

ಕೆಲಸಕ್ಕೆ ತಕ್ಕ ಕಾಲ ಬೇಸಿಗೆ. ಬೇರೆ ಊರಿನವರು ಶೆಡ್ಡಿಗೆ ಹೀಟರ್ ಇಡುತ್ತಾರೆ, ನಮಗೆ ಏಪ್ರಿಲ್ ಬಿಸಿಲು ಪುಕ್ಕಟೆ. ಮಾರ್ಚಿನಲ್ಲೇ ಕಾರಿನ ತಳವನ್ನು ನೀರಿನ ಜೆಟ್ಟಿನಿಂದ ತೊಳೆದು ಎರಿಯೆಲ್ಲ ಬಿಡಿಸಿ, ಹಾಸು ತೆಗೆದು ಒಣಗಿಸಿ. ಆಮೇಲೆ ತಪಾಸಣೆ. ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಮೈ ಮೇಲೆ ಆಡಿಸಿ: ಹಿಡಿಯದ ಕಡೆ ಬಣ್ಣದ ಕೆಳಗಿರುವುದು ಪುಟ್ಟಿ. ತಳದ ಪೆಟ್ಟಿಗೆಗಳನ್ನು, ಬ್ಯಾಟರಿಯ ಕೆಳಭಾಗವನ್ನು, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಜಾಗವನ್ನು ಸ್ಕ್ರೂಡ್ರೈವರಿನಿಂದ ಕುಟ್ಟಿ. ಟಣ್ ಎಂದರೆ ಪತ್ರಾ ಇದೆ. ಬೊದ್ದು ಸದ್ದು ಬಂದರೆ, ಮೊನೆ ಒಳಗೆ ಇಳಿದರೆ, ಅಲ್ಲಿ ಉಳಿದಿರುವುದು ಮಸಾರಿ ಮಣ್ಣು.

ಮೇಲ್ಮೈ ತುಕ್ಕಿಗೆ ವೈರ್ ಬ್ರಶ್ಶು, ಸ್ಯಾಂಡ್ ಪೇಪರ್ ಸಾಕು. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಹಾಗಾಗಿ ಒಣ ಧೂಳು ಎಬ್ಬಿಸದೆ ನೀರು ಹಾಕಿ ಉಜ್ಜಿ, ಮಾಸ್ಕ್ ತೊಡಿ, ಮಕ್ಕಳನ್ನು ದೂರ ಇಡಿ. ಗುಳಿ ಬಿದ್ದ ತುಕ್ಕಿಗೆ ಬ್ರಶ್ಶು ತಲುಪುವುದಿಲ್ಲ, ರಸಾಯನ ಬೇಕು. ಹುಣಸೆಹಣ್ಣಿನಿಂದ ಹಿತ್ತಾಳೆ ತಂಬಿಗೆ ಬೆಳಗಿದ ಕೈಗೆ ಇದರ ತತ್ತ್ವ ಗೊತ್ತು. ಹುಣಸೆಯ ಟಾರ್ಟಾರಿಕ್ ಆಮ್ಲ ಕಿಲುಬನ್ನು ಕರಗಿಸಿ ಲೋಹದ ಅಯಾನನ್ನು ಇಕ್ಕಳದಂತೆ ಹಿಡಿದು ನೀರಿಗೆ ಎಳೆಯುತ್ತದೆ. ಸಿಟ್ರಿಕ್ ಆಮ್ಲ ಕಬ್ಬಿಣದ ತುಕ್ಕಿಗೆ ಅದೇ ಕೆಲಸ ಮಾಡುತ್ತದೆ. ಫಾಸ್ಫಾರಿಕ್ ಆಮ್ಲ ಇನ್ನೂ ಒಂದು ಹೆಜ್ಜೆ ಮುಂದೆ: ತುಕ್ಕನ್ನು ಕರಗಿಸಿ, ಉಳಿದ ಲೋಹದ ಮೇಲೆ ಕಬ್ಬಿಣದ ಫಾಸ್ಫೇಟಿನ ಬೂದು ಪದರ ಬಿಡುತ್ತದೆ. ಬಣ್ಣ ಅದಕ್ಕೆ ಚೆನ್ನಾಗಿ ಅಂಟುತ್ತದೆ. ಬಚ್ಚಲು ತೊಳೆಯುವ ಆ್ಯಸಿಡ್ ಮಾತ್ರ ಬೇಡ. ಅದು ತುಕ್ಕನ್ನು ಬೇಗ ತೆಗೆಯುತ್ತದೆ, ಆದರೆ ಅದರ ಕ್ಲೋರೈಡ್ ಮಡಿಕೆಗಳಲ್ಲಿ ಉಳಿದು ಮುಂದಿನ ತುಕ್ಕಿಗೆ ಬೀಜವಾಗುತ್ತದೆ.

ಪೂರ್ತಿ ತೆಗೆಯಲಾಗದ ಕಡೆ ತುಕ್ಕನ್ನೇ ಬೇರೆ ವಸ್ತುವಾಗಿಸುವ ಉಪಾಯವಿದೆ. ಈಳಿಗೆಯ ಮೇಲೆ ಬಾಳೆಕಾಯಿ ಹೆಚ್ಚಿದಾಗ ಅಲಗು ಕಪ್ಪಾಗುವುದನ್ನು ನೋಡಿದ್ದೀರಿ. ಕಾಯಿಯ ಒಗರು, ಅಂದರೆ ಟ್ಯಾನಿನ್, ಕಬ್ಬಿಣದ ಜೊತೆ ಕೂಡಿ ಕಪ್ಪು ಸಂಯುಕ್ತವಾಗುತ್ತದೆ. ಅಳಲೆಕಾಯಿಗೆ ಕಬ್ಬಿಣ ಸೇರಿಸಿ ಮಸಿ ಮಾಡುತ್ತಿದ್ದುದೂ ಇದೇ ಬಲದಿಂದ. ಅಂಗಡಿಯಲ್ಲಿ ರಸ್ಟ್ ಕನ್ವರ್ಟರ್ ಎಂದು ಮಾರುವ ಎಷ್ಟೋ ದ್ರವಗಳಲ್ಲಿ ಇರುವುದು ಈ ಟ್ಯಾನಿಕ್ ಆಮ್ಲವೇ. ಅದು ತೆಳು ತುಕ್ಕಿಗೆ ಒಳ್ಳೆಯದು. ಹೊಟ್ಟಿನಂತೆ ಎದ್ದ ತುಕ್ಕಿನ ಮೇಲೆ ಬಳಿದರೆ ಮೇಲಿನ ಪದರ ಮಾತ್ರ ಕಪ್ಪಾಗಿ, ಕೆಳಗೆ ಹಳೆಯ ವ್ಯಾಪಾರ ನಡೆಯುತ್ತಲೇ ಇರುತ್ತದೆ.

ಕೀಲು, ಬ್ರಾಕೆಟ್ಟಿನಂಥ ಬಿಡಿ ಭಾಗಗಳಿಗೆ ಇವಾನ್ಸ್ ಅವರ ಬ್ಯಾಟರಿಯನ್ನು ಹಿಂದುಮುಂದಾಗಿ ನಡೆಸಬಹುದು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನಾಲ್ಕು ಲೀಟರ್ ನೀರಿಗೆ ಒಂದು ದೊಡ್ಡ ಚಮಚದಂತೆ ವಾಷಿಂಗ್ ಸೋಡಾ ಕಲಸಿ. 12 ವೋಲ್ಟಿನ ಬ್ಯಾಟರಿ ಚಾರ್ಜರಿನ ಋಣ ತಂತಿ ತುಕ್ಕು ಹಿಡಿದ ಭಾಗಕ್ಕೆ, ಧನ ತಂತಿ ಒಂದು ಹಾಳು ಕಬ್ಬಿಣದ ತುಂಡಿಗೆ. ಎರಡೂ ಒಂದನ್ನೊಂದು ಮುಟ್ಟಬಾರದು. ಕಳೆದುಕೊಂಡ ಎಲೆಕ್ಟ್ರಾನುಗಳನ್ನು ಈಗ ನೀವೇ ಒಳಗೆ ನೂಕುತ್ತಿದ್ದೀರಿ. ಕೆಂಪು ತುಕ್ಕು ಕಪ್ಪಗೆ ಸಡಿಲವಾಗಿ ಬ್ರಶ್ಶಿಗೆ ಬಿದ್ದುಹೋಗುತ್ತದೆ. ಆದರೆ ಹೋದ ಲೋಹ ಮರಳುವುದಿಲ್ಲ, ಗುಳಿ ಗುಳಿಯಾಗಿಯೇ ಉಳಿಯುತ್ತದೆ. ಏಳುವ ಗುಳ್ಳೆಗಳಲ್ಲಿ ಹೈಡ್ರೋಜನ್ ಇರುವುದರಿಂದ ಬಯಲಿನಲ್ಲಿ, ಬೆಂಕಿಯಿಂದ ದೂರ ಮಾಡಬೇಕು. ಧನ ತಂತಿಗೆ ಸ್ಟೀಲ್ ಚಮಚ, ಸ್ಟೀಲ್ ಪಾತ್ರೆ ಕಟ್ಟಲೇಬೇಡಿ. ಅದರ ಕ್ರೋಮಿಯಂ ವಿಷವಾಗಿ ನೀರಿಗಿಳಿಯಬಹುದು. ಸೋಡಾದ ಬದಲು ಅಡುಗೆ ಉಪ್ಪು ಹಾಕಿದರೆ ಕ್ಲೋರಿನ್ ಅನಿಲ ಏಳುತ್ತದೆ.

ಕೌದಿ ಹೊಲಿದಂತೆ

ತೂತು ಬಿದ್ದ ಕಡೆ ಪತ್ರಾ ಕತ್ತರಿಸಿ ಹೊಸತು ಬೆಸೆಯಲೇಬೇಕು. ಹೊಳೆಯುವ ಗಟ್ಟಿ ಲೋಹ ಸಿಗುವ ತನಕ ಕತ್ತರಿಸಿ. ಸವೆದ ಸೀರೆಯ ಮೇಲೆ ತೇಪೆ ಹಾಕಿದರೆ ಹೊಲಿಗೆ ಕಿತ್ತು ಬರುತ್ತದೆಂದು ಕೌದಿ ಹೊಲಿಯುವ ಅಜ್ಜಿಗೆ ಯಾರೂ ಹೇಳಿಕೊಡಬೇಕಿಲ್ಲ. ಇಲ್ಲೂ ಅಷ್ಟೇ. ಆದರೆ ಹೊಲಿಗೆ ಹಾಕುವ ಕ್ರಮ ಮಾತ್ರ ಕೌದಿಯದಲ್ಲ. ಉಕ್ಕು ಪ್ರತಿ ಡಿಗ್ರಿಗೆ ಮೀಟರಿಗೆ ಸುಮಾರು 12 ಮೈಕ್ರೋಮೀಟರ್ ಹಿಗ್ಗುತ್ತದೆ. ಒಂದು ಮೀಟರ್ ಪತ್ರಾ 500 ಡಿಗ್ರಿ ಬಿಸಿಯಾದರೆ 6 ಮಿಲಿಮೀಟರ್ ಬೆಳೆಯಿತು. ಸುತ್ತಲಿನ ತಣ್ಣನೆಯ ಪತ್ರಾ ಜಾಗ ಬಿಡುವುದಿಲ್ಲ. ಹಿಗ್ಗಿದ್ದು ಹಪ್ಪಳದಂತೆ ಉಬ್ಬುತ್ತದೆ. ಅದಕ್ಕೇ ಒಂದು ಟಾಕಾ ಈ ಮೂಲೆಗೆ, ಇನ್ನೊಂದು ಆ ಮೂಲೆಗೆ, ನಡುವೆ ಆರಲು ಬಿಡುವು. ಗ್ಯಾಸ್ ವೆಲ್ಡಿಂಗಿನ ಅಗಲ ಜ್ವಾಲೆಗಿಂತ ಮಿಗ್ ವೆಲ್ಡಿಂಗಿನ ಚುಕ್ಕಿ ಬೆಸುಗೆ ತೆಳು ಪತ್ರಾಕ್ಕೆ ವಾಸಿ ಎನ್ನುವುದೂ ಇದೇ ಕಾರಣಕ್ಕೆ. ಮೊದಲು ಪೆಟ್ರೋಲ್ ಟ್ಯಾಂಕ್ ಬಿಚ್ಚಿ ದೂರ ಇಡಿ, ಬ್ಯಾಟರಿ ತೆಗೆಯಿರಿ. ಸತುವು ಬಳಿದ ತಗಡನ್ನು ಹಾಗೇ ಬೆಸೆಯಬೇಡಿ, ಅದರ ಹೊಗೆ ಜ್ವರ ತರಿಸುತ್ತದೆ. ಕೈ ಪಳಗಿಲ್ಲದಿದ್ದರೆ ಈ ಒಂದು ಕೆಲಸ ಗ್ಯಾರೇಜಿಗೆ ಬಿಡುವುದೇ ಜಾಣತನ.

ಕಾರು 50 ವರ್ಷ ದಾಟಿದ್ದರೆ ಕತ್ತರಿ ಎತ್ತುವ ಮೊದಲು ಇನ್ನೊಂದು ವಿಚಾರ. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದಂತೆ ಅಂಥ ಕಾರನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಆದರೆ ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ತೇಪೆ ಮೂಲ ಆಕಾರಕ್ಕೇ ಇರಲಿ.

ತುಕ್ಕಿನ ಮೇಲೆ ತುಕ್ಕಿನ ಬಣ್ಣ

ಬರಿ ಲೋಹವನ್ನು ರಾತ್ರಿ ಕಳೆಯಲು ಬಿಡಬೇಡಿ, ಅಂದೇ ಪ್ರೈಮರ್ ಬಳಿಯಿರಿ. ನಮ್ಮಲ್ಲಿ ಕಿಟಕಿ ಸರಳಿಗೂ ಗೇಟಿಗೂ ಹೊಡೆಯುವ ರೆಡ್ ಆಕ್ಸೈಡ್ ಎಲ್ಲರಿಗೂ ಪರಿಚಿತ. ಆ ಕೆಂಪು ಯಾವುದು? ಕಬ್ಬಿಣದ ಆಕ್ಸೈಡ್, ಕಮಲಾಪುರದ ಮಣ್ಣಿನ ಬಣ್ಣವೇ. ತುಕ್ಕು ಬರಬಾರದೆಂದು ತುಕ್ಕನ್ನೇ ಬಳಿಯುತ್ತೇವೆ! ಮರಳಿ ಮಣ್ಣಾದ ಕಬ್ಬಿಣಕ್ಕೆ ಇನ್ನು ಹೋಗಬೇಕಾದ ಊರಿಲ್ಲ. ಬಿಸಿಲಿಗೂ ನೀರಿಗೂ ಅದು ಅಲುಗುವುದಿಲ್ಲ. ಆದ್ದರಿಂದಲೇ ಅದು ಒಳ್ಳೆಯ ಬಣ್ಣ. ನೀರನ್ನು ತಡೆಯುವ ಕೆಲಸ ಮಾತ್ರ ಅದನ್ನು ಹಿಡಿದಿಟ್ಟ ಅಂಟಿನದು. ಕಾರಿಗೆ ಎರಡು ಡಬ್ಬಿಯ ದ್ರವ ಬೆರೆಸುವ ಎಪಾಕ್ಸಿ ಪ್ರೈಮರ್ ಹೆಚ್ಚು ಬಿಗಿ. ಪುಟ್ಟಿ ಬರಬೇಕಾದದ್ದು ಇದರ ಮೇಲೆ, ಅದೂ ತೆಳ್ಳಗೆ. ಪುಟ್ಟಿ ನೀರು ಹೀರುತ್ತದೆ. ತುಕ್ಕಿನ ಮೇಲೆ ನೇರವಾಗಿ ಮೆತ್ತಿದ ಪುಟ್ಟಿಯೂ ಎರಿ ಮಣ್ಣೂ ಒಂದೇ ಗುಣದವು.

ಇನ್ನೊಂದು ಕಾವಲುಗಾರ ಸತು. ಇದೇ ಹೆದ್ದಾರಿಯ ಮುಂದಿನ ಬೀದರಿನಲ್ಲಿ ಬಿದ್ರಿ ಪಾತ್ರೆಗಳ ಬಹುಪಾಲು ಲೋಹ ಅದೇ. ಕಬ್ಬಿಣಕ್ಕಿಂತ ಸತು ಎಲೆಕ್ಟ್ರಾನು ಕೊಡುವುದರಲ್ಲಿ ಧಾರಾಳಿ. ಎರಡೂ ಒಟ್ಟಿಗಿದ್ದು ಒದ್ದೆಯಾದರೆ ಸತು ಮೊದಲು ತಾನು ಕರಗಿ ಕಬ್ಬಿಣವನ್ನು ಉಳಿಸುತ್ತದೆ. ಹಂಫ್ರಿ ಡೇವಿ 1824ರಲ್ಲೇ ಬ್ರಿಟಿಷ್ ಹಡಗುಗಳ ತಳದ ತಾಮ್ರವನ್ನು ಕಬ್ಬಿಣ, ಸತುಗಳ ತುಂಡು ಕಟ್ಟಿ ಕಾಪಾಡಿದ್ದರು. ಕಾಪಾಡಿದ್ದು ಹೆಚ್ಚೇ ಆಯಿತು: ತಾಮ್ರ ಕರಗುವುದು ನಿಂತಾಗ ಅದರ ವಿಷವೂ ನಿಂತು, ತಳಕ್ಕೆ ಚಿಪ್ಪುಜೀವಿಗಳು ಮುತ್ತಿದವು. ಇಂದಿನ ಕಾರುಗಳ ಪತ್ರಾಕ್ಕೆ ಬಹುಮಟ್ಟಿಗೆ ಸತುವಿನ ಲೇಪ ಇರುತ್ತದೆ. ಅದರ ಮೇಲೆ ಇಡೀ ಮೈಯನ್ನು ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹರಿಸಿ ಪ್ರೈಮರನ್ನು ಮೂಲೆ ಮಡಿಕೆಗೂ ಎಳೆಯುತ್ತಾರೆ. ನಮ್ಮ ಹಳೆಯ ಕಾರಿಗೆ ಆ ಸ್ನಾನ ಸಿಗಲಿಲ್ಲ. ಪೆಟ್ಟಿಗೆಗಳ ಒಳಗೆ ಉದ್ದ ನಳಿಗೆಯಿಂದ ಮೇಣ ಸಿಂಪಡಿಸಿ ನಾವೇ ಆ ಕೊರತೆ ತುಂಬಬೇಕು.

ಕೊನೆಯ ಹೊಳಪಿನ ಬಣ್ಣವನ್ನು ಮನೆಯಲ್ಲಿ ಹೊಡೆಯದಿರಿ. ಹಾರ್ಡನರ್ ಬೆರೆಸುವ ಬಣ್ಣಗಳಲ್ಲಿರುವ ಐಸೊಸೈನೇಟುಗಳು ಉಸಿರಿಗೆ ಸೇರಿದರೆ ಬಾಳಿಡೀ ಕಾಡುವ ಅಸ್ತಮಾ ತರಬಲ್ಲವು. ಬಟ್ಟೆ ಮಾಸ್ಕ್ ಅವನ್ನು ತಡೆಯುವುದಿಲ್ಲ. ಅದು ಬೂತ್ ಇರುವ ಪೇಂಟಿಂಗ್ ಶೆಡ್ಡಿನ ಕೆಲಸ.

ಎಲ್ಲ ಮುಗಿದ ಮೇಲೆ ಕಾರು ಹೊಳೆಯುತ್ತದೆ, ನೆಂಟರಿಷ್ಟರು ಬಣ್ಣವನ್ನೇ ಹೊಗಳುತ್ತಾರೆ. ಆ ಬಣ್ಣದ ಆಯುಷ್ಯ ನಿಂತಿರುವುದು ಯಾರೂ ನೋಡದ ಕಡೆ, ಬಾಗಿಲ ತಳದ ಆ ಸಣ್ಣ ರಂಧ್ರಗಳಲ್ಲಿ. ಎರಿ ನೀರು ಹಿಡಿಯುತ್ತದೆ, ಮಸಾರಿ ಬಸಿಯುತ್ತದೆ. ಕಾರಿನ ಮೈ ಬಸಿಯುವುದನ್ನು ಕಲಿತರೆ ಅದು ಮಸಾರಿಯಾಗುವುದು ತಡವಾಗುತ್ತದೆ. ನಿಮ್ಮ ಅಂಗಳದಲ್ಲೂ ಒಂದು ಹಳೆಯ ಕಾರು ನಿಂತಿದ್ದರೆ, ಪುಟ್ಟಿ ಪೇಂಟಿನ ದುಡ್ಡು ಹೊಂದಿಸುವ ಮೊದಲು, ಈ ಸಲ ಮಿರಗದ ಮಳೆ ಬೀಳುವುದರೊಳಗೆ, ಒಂದು ತೆಳು ಕಡ್ಡಿ ತೆಗೆದುಕೊಂಡು ಆ ರಂಧ್ರಗಳನ್ನು ಬಿಡಿಸಿ ಬನ್ನಿ. ಅದಕ್ಕೆ ಖರ್ಚಿಲ್ಲ.